ಚಿಹಿರೊಗಾಗಿ ಒಂದು ಅನ್ನದ ಉಂಡೆ

ಇವತ್ತು ಈ ವಿಡಿಯೊದಲ್ಲಿ ಜಪಾನಿನವರ ಮೂರು ಮೂಲೆಯ ಅನ್ನದ ಉಂಡೆ ಮಾಡುತ್ತಿದ್ದೇನೆ. ಅಕ್ಕಿ ತೊಳೆಯುವುದು, ನೆನೆಸುವುದು ಕಾಣುತ್ತಲೇ ಇದೆ, ಹೇಳುವ ಅಗತ್ಯವಿಲ್ಲ. ಕುಕ್ಕರ್ ಕೂಗುವ ತನಕ ಮಾತನಾಡೋಣ.

ಅನಿಮೇಷನ್ ಚಿತ್ರಗಳಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದ ಹುಡುಗಿ ಕಿಕಿ ಎಂದುಕೊಂಡೇ ಇವತ್ತು ಕ್ಯಾಮೆರಾ ಇಟ್ಟೆ. ಜಪಾನಿನ ಘಿಬ್ಲಿ ಸ್ಟುಡಿಯೊದ 1989ರ ಚಿತ್ರ 'ಕಿಕೀಸ್ ಡೆಲಿವರಿ ಸರ್ವಿಸ್'ನ ಕಿಕಿ, ಹದಿಮೂರು ವರ್ಷದ ಮಾಟಗಾತಿ, ಪೊರಕೆ ಏರಿ ಮನೆಮನೆಗೆ ಸಾಮಾನು ತಲುಪಿಸುವವಳು. ಅಜ್ಜಿಯೊಬ್ಬಳು ಪ್ರೀತಿಯಿಂದ ಮಾಡಿಸಿದ ಮೀನಿನ ಪೈಯನ್ನು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಹೊತ್ತು ತಂದರೆ, ಮೊಮ್ಮಗಳು ಮುಖ ಸಿಂಡರಿಸಿ ತೆಗೆದುಕೊಂಡು ಬಾಗಿಲು ಹಾಕಿಬಿಡುತ್ತಾಳೆ. ಆ ಬಾಗಿಲ ಮುಂದೆ ನಿಂತ ಕಿಕಿಯನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರುಕ್ ಎನ್ನುತ್ತದೆ.

ಆದರೆ ಈ ಅನ್ನ ಮಾಡುತ್ತಾ ನನ್ನ ಮನಸ್ಸು ಬದಲಾಯಿತು. ಚಿಹಿರೊಳೇ ಮೊದಲು. 2001ರಲ್ಲಿ ಹಯಾವೊ ಮಿಯಾಜಾಕಿ ಮಾಡಿದ 'ಸ್ಪಿರಿಟೆಡ್ ಅವೇ' ಚಿತ್ರದ ಹತ್ತು ವರ್ಷದ ಹುಡುಗಿ. ಅವಳಿಗೆ ಮಂತ್ರ ಬರುವುದಿಲ್ಲ, ಕತ್ತಿ ಹಿಡಿಯಲು ಬರುವುದಿಲ್ಲ, ಚಿತ್ರದ ಆರಂಭದಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮುನಿಸಿಕೊಂಡು ಮಲಗಿರುತ್ತಾಳೆ. ಅಪ್ಪ ಅಮ್ಮ ಮಾಟದಿಂದ ಹಂದಿಗಳಾಗಿಬಿಟ್ಟ ಮೇಲೆ, ದೇವತೆಗಳ ಸ್ನಾನಗೃಹದ ಒಡತಿ ಯುಬಾಬಾಳ ಎದುರು ನಿಂತು 'ಕೆಲಸ ಕೊಡಿ' ಎಂಬ ಒಂದೇ ಮಾತನ್ನು ಬಿಡದೆ ಹೇಳುತ್ತಾಳೆ. ನೆಲ ಒರೆಸುವಾಗ ಉಳಿದ ಹೆಂಗಸರ ಸಮಕ್ಕೆ ಓಡಲಾರದೆ ಹಿಂದೆ ಬೀಳುತ್ತಾಳೆ. ಆದರೂ ಬಟ್ಟೆ ಬಿಡುವುದಿಲ್ಲ. ಅದಕ್ಕೇ ಅವಳು ನನ್ನವಳು ಎನಿಸುವುದು.

ಇದೀಗ ಬಂತು ನೋಡಿ ಗೋಳು. ಮೊದಲ ಕುಕ್ಕರ್ ಅನ್ನ. ನಮ್ಮ ಮನೆಯ ಹಳೆಯ ಸೋನಾ ಮಸೂರಿ, ಉದುರುದುರಾಗಿ ಮಲ್ಲಿಗೆ ಮೊಗ್ಗಿನ ಹಾಗೆ ಬೆಂದಿದೆ. ಚಿತ್ರಾನ್ನಕ್ಕೆ ಇದಕ್ಕಿಂತ ಒಳ್ಳೆಯ ಅನ್ನ ಬೇಕಿಲ್ಲ, ಉಂಡೆಗೆ ಮಾತ್ರ ಹಿಡಿಯಷ್ಟೂ ಬಾರದು. ಅಂಗೈಯಲ್ಲಿ ಒತ್ತಿದೆ, ಬೆರಳ ಸಂದಿಯಿಂದ ಜಾರಿತು. ಮತ್ತೆ ಒತ್ತಿದೆ, ತಟ್ಟೆಗೆ ಉದುರಿತು. ಸುತ್ತಲೆಂದು ತಂದ ಸಮುದ್ರಪಾಚಿಯ ಹಾಳೆ ಹತ್ತಕ್ಕೆ 340 ರೂಪಾಯಿ! ನನ್ನ ಒಂದು ವಾರದ ಸೊಪ್ಪು ತರಕಾರಿಯ ದುಡ್ಡು. ಅದರಲ್ಲಿ ಎರಡು ಹಾಳೆ ಹಸಿ ಕೈ ತಾಗಿ ಮುದುಡಿ ಹೋದವು. ನನಗೆ ಬಂದ ಸಿಟ್ಟು ಈಗ ಮಾತನಾಡುವಾಗಲೂ ಇಳಿದಿಲ್ಲ. ಜಪಾನಿನ ಅಂಟು ಅಕ್ಕಿಯ ಬೆಲೆಯನ್ನೂ ಅಂಗಡಿಯಲ್ಲಿ ಕೇಳಿದೆ, ಕೇಳಿ ಹಾಗೆಯೇ ವಾಪಸ್ ಬಂದೆ.

ಎರಡನೆಯ ಸಲ ನೀರು ಜಾಸ್ತಿ ಇಟ್ಟೆ, ಮೊಸರನ್ನಕ್ಕೆ ಇಡುವ ಹಾಗೆ. ಬಿಸಿ ಇರುವಾಗಲೇ ಉಪ್ಪು ನೀರಿನ ಕೈಯಲ್ಲಿ ಒತ್ತುತ್ತಿದ್ದೇನೆ, ನೋಡಿ.

ಚಿತ್ರದಲ್ಲಿ ಹಂದಿಗೂಡಿನಿಂದ ಹೊರಗೆ ಬಂದ ಚಿಹಿರೊಗೆ, ಅಲ್ಲಿ ಅವಳಿಗೆ ನೆರವಾಗುವ 'ಹಾಕು' ಎಂಬ ಹುಡುಗ ಇಂಥದೇ ಉಂಡೆ ಕೊಡುತ್ತಾನೆ. ಮೊದಲು ಬೇಡ ಎನ್ನುತ್ತಾಳೆ. ಒಂದು ತುತ್ತು ಕಚ್ಚುತ್ತಾಳೆ, ಇನ್ನೊಂದು, ಆಮೇಲೆ ಬಾಯಿತುಂಬ ಅನ್ನ ಇಟ್ಟುಕೊಂಡೇ ಅಳು ಬರುತ್ತದೆ. ಅವಳ ಕಣ್ಣೀರಿನ ಹನಿಗಳು ಎಷ್ಟು ದಪ್ಪ! ಅಷ್ಟು ಹೊತ್ತು ತಡೆದುಕೊಂಡಿದ್ದೆಲ್ಲ ಅನ್ನ ಒಳಗೆ ಹೋದ ಮೇಲೆಯೇ ಹೊರಗೆ ಬರುವುದು. ನನ್ನ ಅಜ್ಜಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದರು. ಜಗಳವಾಡಿ ಬಂದವರು ಮೂರನೆಯ ತುತ್ತಿಗೆ ಅಳುತ್ತಿದ್ದೆವು. ಅಜ್ಜಿ ಏನನ್ನೂ ಕೇಳದೆ ನಾಲ್ಕನೆಯ ತುತ್ತು ಕೊಡುತ್ತಿದ್ದರು.

ಎಬೋಶಿಯ ಬಗ್ಗೆಯೂ ಹೇಳಬೇಕಿತ್ತು. 1997ರ 'ಪ್ರಿನ್ಸೆಸ್ ಮೊನೊನೊಕೆ'ಯಲ್ಲಿ ಕಾಡು ಕಡಿಸುವವಳು. ಅವಳು ಕೆಟ್ಟವಳು ಎಂದು ಬಹಳ ದಿನ ನಂಬಿದ್ದೆ. ವೇಶ್ಯಾಗೃಹಗಳಿಗೆ ಮಾರಿಹೋದ ಹೆಂಗಸರನ್ನು ಬಿಡಿಸಿ ತಂದು ಕುಲುಮೆಯ ತಿದಿ ತುಳಿಯುವ ಕೆಲಸ ಕೊಟ್ಟವಳೂ, ಕುಷ್ಠರೋಗಿಗಳ ಗಾಯ ತೊಳೆದವಳೂ ಅವಳೇ. ಈಗ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಕಾಡಿನ ದೇವರ ತಲೆಗೆ ಗುಂಡು ಹೊಡೆದದ್ದನ್ನು ಮಾತ್ರ ನಾನು ಕ್ಷಮಿಸಲಾರೆ.

ಅಯ್ಯೋ, ಉಂಡೆ ನಿಂತಿತು! ಮೂರು ಮೂಲೆಯೂ ಗಟ್ಟಿ. ಕ್ಯಾಮೆರಾದ ಬ್ಯಾಟರಿ ಕೆಂಪಾಗಿದೆ, ಬೇಗ ಕಚ್ಚಿ ತೋರಿಸುತ್ತೇನೆ. ಉಪ್ಪು ಸರಿಯಾಗಿದೆ.