ಪಣಂಬೂರಿಗೆ ಬರಲು ಸಿಬಿಐಗೆ ರಾಜ್ಯದ ಒಪ್ಪಿಗೆ ಯಾಕೆ?

ನಮಸ್ಕಾರ. ಸುರತ್ಕಲ್‌ನ ವೀಕ್ಷಕರೊಬ್ಬರು ಕೇಳಿದ್ದಾರೆ: "ಪಣಂಬೂರು ಬಂದರು ಕೇಂದ್ರದ್ದು, ಸಿಬಿಐಯೂ ಕೇಂದ್ರದ್ದು. ಮತ್ತೆ ನಡುವೆ ರಾಜ್ಯದ ಒಪ್ಪಿಗೆ ಎಂತಕ್ಕೆ?" ಒಳ್ಳೆ ಪ್ರಶ್ನೆ ಮಾರಾಯ್ರೆ, ಉತ್ತರ ಮಾತ್ರ ಲಾಹೋರಿನಿಂದ ಶುರು ಮಾಡಬೇಕು.

[ಪರದೆಯಲ್ಲಿ: 1941]

ಎರಡನೇ ಮಹಾಯುದ್ಧ. ಸೇನೆಯ ಸರಕು ಖರೀದಿಯಲ್ಲಿ ಲಂಚವೋ ಲಂಚ. ಅದನ್ನು ಹಿಡಿಯಲು ಯುದ್ಧ ಇಲಾಖೆಯಡಿ ಸ್ಪೆಷಲ್ ಪೊಲೀಸ್ ಎಸ್ಟಾಬ್ಲಿಷ್‌ಮೆಂಟ್ ಹುಟ್ಟಿತು. ಪ್ರಧಾನ ಕಚೇರಿ ಲಾಹೋರ್. ಮುಖ್ಯಸ್ಥ ಕುರ್ಬಾನ್ ಅಲಿ ಖಾನ್, ವಿಭಜನೆ ಆದಾಗ ಪಾಕಿಸ್ತಾನಕ್ಕೆ ಹೋದರು. ಅದೇ ಇನ್ನೊಂದು ವಿಡಿಯೋ ಆದೀತು, ಬಿಡಿ. ಈ ಪಡೆ ನಡೆಯುತ್ತಿದ್ದ 1943ರ ಸುಗ್ರೀವಾಜ್ಞೆಯ ಅವಧಿ 1946ರ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು. ಲಂಚ ಮುಗಿಯುವ ಲಕ್ಷಣ ಇರಲಿಲ್ಲ.

ಮಜಾ ಇರುವುದು ಇಲ್ಲಿ. ಪೊಲೀಸ್ ಎಂದರೆ ಪ್ರಾಂತ್ಯಗಳ, ಈಗಿನ ಲೆಕ್ಕದಲ್ಲಿ ರಾಜ್ಯಗಳ, ವಿಷಯ. ಕೇಂದ್ರ ತಾನೇ ಆಳುತ್ತಿದ್ದ ದಿಲ್ಲಿಗೆ ಪಡೆ ಕಟ್ಟಬಹುದು, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ದಕ್ಷಿಣ ಕನ್ನಡಕ್ಕೆ ಕಟ್ಟುವ ಹಾಗಿಲ್ಲ. ಸರಿ, ಪಡೆಯನ್ನು ದಿಲ್ಲಿಯದ್ದು ಅಂತಲೇ ಮಾಡಿ ಹೊರಗೆ ಕಳಿಸಿದರು. ಅದೇ ದಿಲ್ಲಿ ಸ್ಪೆಷಲ್ ಪೊಲೀಸ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆ, 1946ರ 25ನೆಯದ್ದು.

ಮಂಗಳೂರು–ಕಾಸರಗೋಡು ಬಸ್ ನೆನಪಿಸಿಕೊಳ್ಳಿ. ಪರ್ಮಿಟ್ ಇಲ್ಲಿಯದ್ದು. ಗಡಿಯ ತಲಪಾಡಿ ದಾಟಬೇಕಾದರೆ ಕೇರಳದ ಕೌಂಟರ್ ಸೈನ್, ಅಂದರೆ ಒಪ್ಪಿಗೆಯ ಸಹಿ, ಬೇಕು. ಈ ಕಾಯ್ದೆಯೂ ಹಾಗೆಯೇ: ಸೆಕ್ಷನ್ 3ರಲ್ಲಿ ಯಾವ ಅಪರಾಧ ಅಂತ ಅಧಿಸೂಚನೆ, 5ರಲ್ಲಿ ಪಡೆ ಯಾವ ರಾಜ್ಯಕ್ಕೆ ಹೋಗಬಹುದು ಅಂತ ಕೇಂದ್ರ ರೂಟ್ ಬರೆಯುತ್ತದೆ, 6ರಲ್ಲಿ ಆ ರಾಜ್ಯ ಒಪ್ಪಿಗೆ ಕೊಟ್ಟು ಕೌಂಟರ್ ಸೈನ್ ಹಾಕುತ್ತದೆ. ಬಸ್ಸು ಹೊಸದು, ಸೀಟು ಖಾಲಿ, ಡ್ರೈವರ್ ರೆಡಿ, ಏನಿದ್ದರೂ ಆ ಸಹಿ ಇಲ್ಲದಿದ್ದರೆ ತಲಪಾಡಿಯಲ್ಲೇ ಸ್ಟಾಪ್. ಆರೋಪಿಯ ವಕೀಲರು ಎಫ್‌ಐಆರ್ ಸಿಕ್ಕಿದ ಕೂಡಲೇ ನೋಡುವುದೂ ಅದನ್ನೇ.

ಸಿಬಿಐ ಎಂಬ ಹೆಸರು ಬಂದದ್ದು 1963ರ ಏಪ್ರಿಲ್ 1ಕ್ಕೆ, ಗೃಹ ಸಚಿವಾಲಯದ ಒಂದು ನಿರ್ಣಯದಿಂದ. ಮೊದಲ ನಿರ್ದೇಶಕ ಡಿ.ಪಿ. ಕೊಹ್ಲಿ. ಪ್ರತ್ಯೇಕ ಸಿಬಿಐ ಕಾಯ್ದೆ ಇವತ್ತಿಗೂ ಇಲ್ಲ, ಅಧಿಕಾರ ಬರುವುದು ಅದೇ 1946ರ ಕಾಯ್ದೆಯಿಂದ. 2013ರಲ್ಲಿ ಗುವಾಹಟಿ ಹೈಕೋರ್ಟ್ ಆ ನಿರ್ಣಯವನ್ನೇ ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದರಿಂದ ಬಚಾವ್. ಇಷ್ಟಾದ ಮೇಲೂ ಹೊಸ ಕಾಯ್ದೆ ಮಾಡದಿರುವುದು ಶುದ್ಧ ಉದಾಸೀನ ಅಂತ ನನ್ನ ಅಭಿಪ್ರಾಯ.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ ಹೇಳಿಬಿಡ್ತೇನೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸಾಮಾನ್ಯ ಒಪ್ಪಿಗೆ, ಅಂದರೆ ಪ್ರತಿ ಕೇಸಿಗೂ ಕೇಳದೆ ಬರಲು ಮೊದಲೇ ಕೊಟ್ಟಿದ್ದ ಒಪ್ಪಿಗೆ, ವಾಪಸ್ ಪಡೆಯಿತು. ಮೊದಲೇ ದಾಖಲಾದ ಕೇಸಿಗೆ ತೊಂದರೆ ಇಲ್ಲ, ಹೊಸದಕ್ಕೆ ಕೇಸು ಕೇಸಿಗೂ ಕೇಳಬೇಕು. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ತನಿಖೆಗೆ ಆದೇಶಿಸಿದರೆ ಮಾತ್ರ ರಾಜ್ಯದ ಸಹಿ ಬೇಡ, 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹಾಗೆ ಹೇಳಿದೆ.