ಮೆಡಿಕಲ್‌ನಲ್ಲಿ ಏನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ನಲ್ಲೂ ಡೊಂಬಿವಲಿ, ಕಲ್ಯಾಣದಿಂದ ಮಕ್ಕಳನ್ನು ಎತ್ತಿಕೊಂಡು ಮುಂಬಯಿಯ ಮುಲುಂಡಿಗೆ ಬಂದಿದ್ದೀರಿ. ಹಾಗಾಗಿ ಉದ್ದ ಎಳೆಯುವುದಿಲ್ಲ.

ಮಳೆಗಾಲದಲ್ಲಿ ನನ್ನ ಕ್ಲಿನಿಕ್‌ಗೆ ಬರುವ ಮಕ್ಕಳಲ್ಲಿ ಬಹಳ ಮಂದಿಗೆ ಆಗಲೇ ಒಂದು ಸುತ್ತು ಔಷಧಿ ಆಗಿರುತ್ತದೆ. ಬಿಲ್ಡಿಂಗಿನ ಕೆಳಗೇ ಮೆಡಿಕಲ್. ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ, ಫೀಸೂ ಇಲ್ಲ. ಅಲ್ಲಿಗೆ ಹೋಗಲೇಬೇಡಿ ಎಂದರೆ ನೀವು ಕೇಳುತ್ತೀರಾ? ಇಲ್ಲ. ಹೋದಾಗ ಯಾವುದನ್ನು ತರಬೇಕು, ಯಾವುದನ್ನು ಅಲ್ಲೇ ಬಿಟ್ಟು ಬರಬೇಕು, ಅಷ್ಟು ಹೇಳುತ್ತೇನೆ.

ಮೊದಲು ಭೇದಿ. ಮಕ್ಕಳ ಭೇದಿ ಹೆಚ್ಚಾಗಿ ಒಂದು ವಾರದೊಳಗೆ ತಾನಾಗಿ ನಿಲ್ಲುತ್ತದೆ. ಅಷ್ಟರೊಳಗೆ ಮೈಯಿಂದ ಹೋಗುವ ನೀರು, ಉಪ್ಪಿನದೇ ಭಯ. ನಮ್ಮ ಕರುಳಿನಲ್ಲಿ ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುವ ದಾರಿಯೊಂದಿದೆ. ಭೇದಿಯಲ್ಲೂ ಅದು ಮುಚ್ಚುವುದಿಲ್ಲ. ಅವೆರಡೂ ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಓಆರ್‌ಎಸ್, ಅಂದರೆ ಉಪ್ಪು, ಗ್ಲೂಕೋಸ್ ಕಲಸಿದ ನೀರು, ಮಾಡುವುದು ಇಷ್ಟೇ. 1971ರಲ್ಲಿ ಬಂಗಾಳದ ಗಡಿಯ ಬೊಂಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಬಂತು. ಸಲೈನ್ ಸಾಲದೆ ಹೋಯಿತು. ಆಗ ಡಾ. ದಿಲೀಪ್ ಮಹಾಲನಬಿಸ್ ಈ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ! ಇರಲಿ.

ಉಪ್ಪು, ಸಕ್ಕರೆಯ ಲೆಕ್ಕ ತಪ್ಪಿದರೆ ಇದೇ ನೀರು ಉಲ್ಟಾ ಹೊಡೆಯುತ್ತದೆ. ಸಕ್ಕರೆ ಜಾಸ್ತಿಯಾದರೆ ಕರುಳು ಮೈಯೊಳಗಿನ ನೀರನ್ನೇ ಹೊರಗೆ ಎಳೆಯುತ್ತದೆ, ಭೇದಿ ಇನ್ನೂ ಜೋರಾಗುತ್ತದೆ. ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದ ಆಪಲ್, ಆರೆಂಜ್ ರುಚಿಯ ಸಿಹಿ ಪಾನೀಯದ ಟೆಟ್ರಾ ಪ್ಯಾಕ್‌ಗಳನ್ನು ನಾನು ಬೇಡ ಎನ್ನುವುದು ಇದಕ್ಕೇ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. 2025ರ ಅಕ್ಟೋಬರ್‌ನಲ್ಲಿ, ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಇರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು. ನೀವು ಪುಡಿಯ ಪ್ಯಾಕೆಟ್ಟನ್ನೇ ಕೇಳಿ. ಮೇಲೆ ಡಬ್ಲ್ಯುಎಚ್‌ಓ ಫಾರ್ಮುಲಾ ಎಂದು ಇದೆಯಾ ನೋಡಿ.

ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಸಣ್ಣದಾದರೆ 200 ಮಿ.ಲೀ.ಗೆ. ಸ್ವಲ್ಪ ಪುಡಿ ಲೋಟಕ್ಕೆ ಹಾಕಿ, ಉಳಿದದ್ದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಫ್ರಿಜ್ ಮೇಲಿಡುವ ಉಳಿತಾಯ ಬೇಡ. ಕಲಸಿದ ನೀರು 24 ಗಂಟೆಗೆ ಮಾತ್ರ. ಚಮಚದಲ್ಲಿ ನಿಧಾನವಾಗಿ ಕೊಡಿ. ವಾಂತಿಯಾಯಿತಾ? ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಡಾಕ್ಟರು ಜಿಂಕ್ ಬರೆದುಕೊಟ್ಟರೆ ಭೇದಿ ನಿಂತರೂ 14 ದಿನ ಮುಗಿಸಿ. ಎದೆಹಾಲು ನಿಲ್ಲಿಸಬೇಡಿ. ಹೊಟ್ಟೆಗೆ ರೆಸ್ಟ್ ಕೊಡುತ್ತೇವೆ ಎಂದು ಮಗುವನ್ನು ಉಪವಾಸ ಕೆಡವಬೇಡಿ. ಉಪ್ಪು ಹಾಕಿದ ಗಂಜಿ, ಮೊಸರನ್ನ, ಬಾಳೆಹಣ್ಣು ಎಲ್ಲ ಆಗುತ್ತದೆ. ಈ ವಿಷಯದಲ್ಲಿ ನಮ್ಮ ಊರಿನ ಅಜ್ಜಿಯರೇ ಸರಿ, ಬಿಸ್ಕತ್ತು ಕೊಡುವ ಅಪ್ಪಂದಿರಲ್ಲ.

ಆರು ಗಂಟೆಯಿಂದ ಮೂತ್ರ ಇಲ್ಲ, ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿಬಿದ್ದಿದೆ, ಮಗು ಮಂಕಾಗಿ ಬಿದ್ದಿದೆ, ಕುಡಿಯುತ್ತಿಲ್ಲ, ಭೇದಿಯಲ್ಲಿ ರಕ್ತ ಇದೆ. ಇದರಲ್ಲಿ ಒಂದು ಕಂಡರೂ ಚಮಚ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಕೆಮ್ಮಿನ ಸಿರಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಪುಟ್ಟ ಮಕ್ಕಳು ಕಿಡ್ನಿ ಹಾಳಾಗಿ ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಬೇಡ, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರ ಹೇಳಿದೆ. ವಿಷ ಬೆರೆಯದ ಸಿರಪ್ ಕೂಡ ಈ ವಯಸ್ಸಿನ ನೆಗಡಿಗೆ ದೊಡ್ಡ ಉಪಯೋಗಕ್ಕೆ ಬರುವುದಿಲ್ಲ. ಮೂಗಿಗೆ ಸಲೈನ್ ಹನಿ ಹಾಕಿ, ಬಿಸಿಬಿಸಿ ಸಾರು ಕುಡಿಸಿ. ವರ್ಷ ತುಂಬಿದ್ದರೆ ಒಂದು ಚಮಚ ಜೇನು ಕೊಡಿ. ವರ್ಷದೊಳಗೆ ಜೇನು ನೆಕ್ಕಿಸಲೇಬಾರದು. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಇನ್ನು ಜ್ವರ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಮೆಡಿಕಲ್ ಬೇಡ, ನೇರ ಆಸ್ಪತ್ರೆ. ದೊಡ್ಡ ಮಕ್ಕಳಿಗೆ ಪ್ಯಾರಾಸಿಟಮಾಲ್ ಸಾಕು. ಮಳೆಗಾಲದ ಮುಂಬಯಿಯಲ್ಲಿ ಯಾವ ಜ್ವರವೂ ಡೆಂಗಿ ಇರಬಹುದು. ಹಾಗಾಗಿ ಡೆಂಗಿಯಲ್ಲಿ ಅಪಾಯ ತರುವ ಐಬುಪ್ರೊಫೆನ್ ಸೇರಿದ ಸಿರಪ್ ಕೊಟ್ಟರೆ ವಾಪಸ್ ಮಾಡಿ.

'ಒಂದು ಚಮಚ ಹಾಕಿ' ಎಂಬ ಮಾತನ್ನು ಮಾತ್ರ ನಂಬಬೇಡಿ. ಡೋಸ್ ನಿಂತಿರುವುದು ಮಗುವಿನ ತೂಕದ ಮೇಲೆ. ಒಂದು ಕೆ.ಜಿ.ಗೆ 15 ಮಿ.ಗ್ರಾಂ. 10 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಐದು ಮಿ.ಲೀ.ಯಲ್ಲಿ 250 ಇರುವ ಬಾಟಲಿಯಾದರೆ ಅದು 3 ಮಿ.ಲೀ., 120 ಇರುವುದಾದರೆ ಸುಮಾರು 6 ಮಿ.ಲೀ., ಒಂದು ಮಿ.ಲೀ.ಯಲ್ಲಿ 100 ಇರುವ ಡ್ರಾಪ್ಸ್ ಆದರೆ ಒಂದೂವರೆ. ಬ್ರ್ಯಾಂಡ್ ಒಂದೇ, ಡಬ್ಬಿಯ ಬಣ್ಣವೂ ಹೆಚ್ಚುಕಡಿಮೆ ಒಂದೇ, ಗೊತ್ತಲ್ವಾ? ಡ್ರಾಪ್ಸನ್ನು ಸಿರಪ್ ಲೆಕ್ಕದಲ್ಲಿ ಕುಡಿಸಿದರೆ ಲಿವರ್‌ಗೆ ಪೆಟ್ಟು. ಎರಡು ಡೋಸ್ ನಡುವೆ ನಾಲ್ಕರಿಂದ ಆರು ಗಂಟೆ ಬಿಡಿ. ದಿನಕ್ಕೆ ನಾಲ್ಕು ಸಲ ದಾಟಬೇಡಿ.

ಬಾಗಿಲ ಹತ್ತಿರ ತೂಕದ ಯಂತ್ರ ಇಟ್ಟಿದ್ದೇವೆ. ಮಗುವಿನ ತೂಕ ಇವತ್ತೇ ನೋಡಿ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿರುವ ಸಿರಪ್ ಬಾಟಲಿ ತಂದಿದ್ದವರು ಇಲ್ಲಿ ಬನ್ನಿ, ಲೇಬಲ್ ಒಟ್ಟಿಗೆ ಓದೋಣ. ಈಗ ಪ್ರಶ್ನೆ ಕೇಳಿ.