ಬೆಂಗಳೂರಿನ ಆಟ ಅಂದಮೇಲೆ ಭೋಗ್ಯ ಬೇಡ್ವಾ?

ನಮಸ್ಕಾರ. ಊರಿನ ಹೆಸರಿಟ್ಟುಕೊಂಡು ಬರುವ ಮೊನೊಪೊಲಿ ಥರದ ಆಟಗಳ ಬಗ್ಗೆ ಇವತ್ತು ಮಾತಾಡೋಣ. ಜಾಗ ಕೊಳ್ಳೋದು, ಮನೆ ಕಟ್ಟೋದು, ಬಂದವರ ಹತ್ತಿರ ಬಾಡಿಗೆ ವಸೂಲಿ ಮಾಡೋದು, ಕೊನೆಗೆ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ದಿವಾಳಿ. ಬಿಸಿನೆಸ್ ಅಂತ ಆಡ್ತಿದ್ದೆವಲ್ಲ, ಅದೇ.

ಇದನ್ನು ಬೆಂಗಳೂರಿಗೆ ಒಗ್ಗಿಸ್ತೀವಿ ಅಂತ ಹೊರಟವರು ಮೊದಲು ಮಾಡೋದು ಹೆಸರು ಬದಲಾಯಿಸೋ ಕೆಲಸ. ದುಬಾರಿ ಚೌಕಕ್ಕೆ ಎಂ.ಜಿ. ರಸ್ತೆ, ಜೈಲಿಗೆ ಪರಪ್ಪನ ಅಗ್ರಹಾರ. ನಾಲ್ಕು ರೈಲು ನಿಲ್ದಾಣ ಬೇಕಾ? ಮೆಜೆಸ್ಟಿಕ್, ಕಂಟೋನ್ಮೆಂಟ್, ಯಶವಂತಪುರ, ಬೈಯಪ್ಪನಹಳ್ಳಿ. ಕರೆಂಟಿಗೆ ಬೆಸ್ಕಾಂ, ನೀರಿಗೆ ಜಲಮಂಡಳಿ. ಇಷ್ಟಕ್ಕೇ ನಿಲ್ಲಿಸಿದರೆ ಅದು ಬೆಂಗಳೂರಿನ ಆಟ ಆಗೋದಿಲ್ಲ. ಊರಿನ ಹೆಸರು ಬಂದರೆ ಸಾಲದು, ಆ ಊರಲ್ಲಿ ಜಾಗದ ವ್ಯವಹಾರ ಹೇಗೆ ನಡೆಯುತ್ತೋ ಅದು ಆಟದ ನಿಯಮದಲ್ಲಿ ಬರಬೇಕು.

ಭೋಗ್ಯವನ್ನೇ ತಗೊಳ್ಳಿ. ಬೆಂಗಳೂರಲ್ಲಿ ಮನೆ ಹುಡುಕಿದವರಿಗೆಲ್ಲ ಇದು ಗೊತ್ತು. ಓನರ್ ಕೈಗೆ ಒಂದೇ ಸಲ ಇಷ್ಟು ಲಕ್ಷ ಅಂತ ಕೊಟ್ಟುಬಿಟ್ಟರೆ ಎರಡು ಮೂರು ವರ್ಷ ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದ ಮೇಲೆ ಪೂರ್ತಿ ದುಡ್ಡು ವಾಪಸ್. ಈಗ ಇದನ್ನು ಬೋರ್ಡ್ ಮೇಲೆ ಇಟ್ಟು ನೋಡಿ. ನೀವು ದಾಳ ಹಾಕಿ ನನ್ನ ವಿಜಯನಗರದ ಮನೆಗೆ ಬಂದಿರಿ, ಬಾಡಿಗೆ ಬದಲು ಭೋಗ್ಯಕ್ಕೆ ಹಾಕ್ಕೊಂಡಿರಿ. ಮೂರು ಸುತ್ತು ನಿಮಗೆ ನೆಮ್ಮದಿ. ನನ್ನ ಕೈಯಲ್ಲಿ ಇಡುಗಂಟು, ತಕ್ಷಣ ಯಲಹಂಕದಲ್ಲಿ ಒಂದು ಸೈಟು ತಗೊಂಡುಬಿಟ್ಟೆ. ನಾಲ್ಕನೇ ಸುತ್ತಿಗೆ ನೀವು ದುಡ್ಡು ಕೇಳ್ತೀರಿ, ನನ್ನ ಹತ್ತಿರ ಇಲ್ಲ. ಹೊಸ ಭೋಗ್ಯದವರು ಸಿಗೋ ತನಕ ನೀವು ಖಾಲಿ ಮಾಡೋಲ್ಲ, ನಾನು ಹಿಂದಿರುಗಿಸೋಲ್ಲ. ಇದು ನಮ್ಮೂರಿನ ಆಟ ಅಲ್ವಾ?

ಖಾತಾನೂ ಹಾಗೇ. ಮೂಲ ಆಟದಲ್ಲಿ ಯಾವ ಜಾಗವನ್ನಾದರೂ ಅಡ ಇಟ್ಟು ಅರ್ಧ ಬೆಲೆ ಪಡೀಬಹುದು. ಖಾತಾ ಅಂದರೆ ಪಾಲಿಕೆಯ ಆಸ್ತಿ ದಾಖಲೆ: ಕಾಗದ ಪತ್ರ ಸರಿ ಇದ್ದರೆ ಎ, ಅನುಮೋದನೆಯಲ್ಲಿ ಕೊರತೆ ಇದ್ದರೆ ಬಿ. ಇಲ್ಲಿ ಕೆಲವು ಸೈಟು ಎ ಖಾತಾ, ಕೆಲವು ಬಿ ಖಾತಾ ಇರಲಿ. ಬಿ ಖಾತಾ ಅಗ್ಗಕ್ಕೆ ಸಿಗಬೇಕು, ಆದರೆ ಅಡ ಇಡೋಕೆ ಹೋದರೆ ಬ್ಯಾಂಕು ಒಪ್ಪಬಾರದು. ಎಷ್ಟೋ ಮನೆಗಳ ಜೀವಮಾನದ ಉಳಿತಾಯ ಈ ಒಂದು ಅಕ್ಷರಕ್ಕೆ ಸಿಕ್ಕಿಕೊಂಡಿದೆ.

ನಿಯಮ ಬದಲಿಸಿದರೆ ಆಟ ಕೆಡುತ್ತೆ ಅಂತೀರಾ? ಈ ಆಟ ಹುಟ್ಟಿದ್ದೇ ಜಮೀನಿನ ಬಗ್ಗೆ ಒಂದು ವಾದ ಹೂಡೋಕೆ. ಅಮೆರಿಕದ ಲಿಜಿ ಮ್ಯಾಗಿ 1904ರಲ್ಲಿ ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’ಗೆ ಪೇಟೆಂಟ್ ಪಡೆದರು. ಜಾಗದ ಬೆಲೆ ಏರೋದು ಊರಿನವರೆಲ್ಲರ ದುಡಿಮೆಯಿಂದ, ಹಾಗಾಗಿ ಆ ಬಾಡಿಗೆ ಊರಿಗೇ ಸೇರಬೇಕು ಅನ್ನೋ ಅಮೆರಿಕದ ಅರ್ಥಚಿಂತಕ ಹೆನ್ರಿ ಜಾರ್ಜ್ ವಿಚಾರವನ್ನು ಅವರು ನಂಬಿದ್ದರು. ಅದಕ್ಕೇ ಎರಡು ಬಗೆಯ ನಿಯಮ ಬರೆದರು: ಒಂದರಲ್ಲಿ ಒಬ್ಬರೇ ಎಲ್ಲ ನುಂಗೋದು, ಇನ್ನೊಂದರಲ್ಲಿ ಬಾಡಿಗೆ ಸಾರ್ವಜನಿಕ ಖಜಾನೆಗೆ ಹೋಗೋದು. ಅಟ್ಲಾಂಟಿಕ್ ಸಿಟಿಯ ಜನ ತಮ್ಮ ಬೀದಿಗಳ ಹೆಸರು ಹಾಕಿಕೊಂಡು ಆಡಿದರು, 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಆ ರೂಪವನ್ನೇ ಮೊನೊಪೊಲಿ ಅಂತ ಮಾರಿತು. ಮ್ಯಾಗಿಗೆ ಪೇಟೆಂಟಿಗೆ ಸಿಕ್ಕಿದ್ದು 500 ಡಾಲರ್. ಅಂಗಡಿಗೆ ಬಂದಿದ್ದು ನುಂಗೋ ನಿಯಮ ಮಾತ್ರ.

ಮ್ಯಾಗಿ ಅವರ ಬೋರ್ಡಿನ ಒಂದು ಮೂಲೆಯಲ್ಲಿ ಸಾರ್ವಜನಿಕ ಉದ್ಯಾನ ಇತ್ತು. ನಮ್ಮ ಬೋರ್ಡಿಗೆ ಅಂಥ ಚೌಕ ಒಂದಲ್ಲ, ನಾಲ್ಕೈದು ಬೇಕು. ಲಾಲ್‌ಬಾಗ್ ಇರಲಿ, ಜೊತೆಗೆ ಕೆರೆಗಳಿರಲಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋ ಜಾಗ ಹಿಂದೆ ಧರ್ಮಾಂಬುಧಿ ಕೆರೆ ಆಗಿತ್ತು. ಕಂಠೀರವ ಕ್ರೀಡಾಂಗಣ ಎದ್ದಿರೋದು ಸಂಪಂಗಿ ಕೆರೆಯಲ್ಲಿ. ಕೆರೆ ಚೌಕವನ್ನು ಯಾರೂ ಕೊಳ್ಳೋ ಹಾಗಿಲ್ಲ, ಆದರೆ ಆಟಗಾರರೆಲ್ಲ ಒಪ್ಪಿದರೆ ಮುಚ್ಚಿ ಸೈಟು ಮಾಡಬಹುದು, ಬಂದ ದುಡ್ಡು ಹಂಚಿಕೊಳ್ಳಬಹುದು. ಆಮೇಲೆ ಮಳೆಯ ಕಾರ್ಡ್ ಬಂದಾಗ ತಗ್ಗಿನಲ್ಲಿ ಮನೆ ಕಟ್ಟಿದವರೆಲ್ಲ ದಂಡ ತೆರಬೇಕು. ಒಪ್ಪಿಗೆ ಕೊಡುವಾಗ ಅಲ್ಲಿ ಒಂದು ಸೈಟೂ ಇಲ್ಲದವರು, ಆಮೇಲೆ ಬಂದು ಕೊಂಡವರು, ಅವರೂ ಸೇರಿ.